ಕಾರಿನ ಒಳಗಿನ ಲೈಟ್ ಆಫೇ ಆಗ್ತಿಲ್ಲ ಮಾರಾಯ್ರೆ! ಪದೇ ಪದೇ ಕೇಳುವ ಪ್ರಶ್ನೆಗಳು

ಮೊದ್ಲೇ ಹೇಳಿಬಿಡ್ತೇನೆ, ನಾನು ಮೆಕ್ಯಾನಿಕ್ ಅಲ್ಲ. ಕಾಸರಗೋಡಿನ ಬದಿಯಡ್ಕ ಹತ್ರ ಸ್ವಲ್ಪ ಅಡಿಕೆ ತೋಟ, ಮನೇಲಿ ಹಳೇ ಕಾರೊಂದು, ಆಮೇಲೆ ತಗೊಂಡದ್ದೊಂದು, ಎರಡರಲ್ಲೂ ಈ ಲೈಟಿನ ರಗಳೆ ಅನುಭವಿಸಿ ಮಂಡೆ ಬಿಸಿ ಮಾಡ್ಕೊಂಡು ಕಲಿತದ್ದು ಇದು. ಈಗ ಮಳೆಗಾಲ ಶುರುವಾದ್ರೆ ಸಾಕು, ನೆಂಟರು ಇಷ್ಟರು ಎಲ್ಲ ಫೋನ್ ಮಾಡಿ ಇದನ್ನೇ ಕೇಳೋದು, ಹಾಗಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ.

ಬಾಗಿಲೆಲ್ಲ ಸರಿಯಾಗಿ ಹಾಕಿದ್ದೇನೆ, ಆದ್ರೂ ಲೈಟ್ ಉರೀತಾನೇ ಉಂಟು. ಮೊದಲು ಎಂತ ನೋಡೋದು?

ಲೈಟಿನ ಸ್ವಿಚ್ ನೋಡಿ. ನಗಬೇಡಿ, ನನಗೆ ಬರುವ ಫೋನಲ್ಲಿ ಸುಮಾರು ಅಲ್ಲಿಗೇ ಮುಗೀತದೆ. ರೂಫಿನ ಲೈಟಿಗೆ ಸಾಧಾರಣ ಮೂರು ಪೊಸಿಷನ್ ಇರ್ತದೆ: ಯಾವಾಗ್ಲೂ ಆನ್, ಯಾವಾಗ್ಲೂ ಆಫ್, ಮತ್ತೆ ಬಾಗಿಲು ತೆರೆದಾಗ ಮಾತ್ರ ಆನ್. ಹಿಂದಿನ ಸೀಟಲ್ಲಿ ಮಕ್ಕಳು ಕೂತಿದ್ರೆ ಅದು ಆನ್‌ಗೆ ಹೋಗಿರ್ತದೆ, ಕನ್ನಡಿಯಲ್ಲಿ ಕುಂಕುಮ ಸರಿ ಮಾಡ್ಲಿಕ್ಕೆ ಹೊರಟವರ ಕೈ ತಾಗಿಯೂ ಹೋಗ್ತದೆ, ಹಗಲು ಬಿಸಿಲಲ್ಲಿ ಆ ಲೈಟ್ ಉರಿಯೋದು ಕಾಣೋದೇ ಇಲ್ಲ, ರಾತ್ರಿ ಆದ್ಮೇಲೆ "ಅಯ್ಯೋ ಶಾರ್ಟ್ ಆಗಿದೆ" ಅಂತ ಬೊಬ್ಬೆ. ಮುಂದೆ ಒಂದು ಲೈಟು, ಮಧ್ಯದಲ್ಲಿ ಒಂದು ಲೈಟು ಇದ್ರೆ ಎರಡಕ್ಕೂ ಬೇರೆ ಬೇರೆ ಸ್ವಿಚ್, ಎರಡೂ ನೋಡಿ.

ಸ್ವಿಚ್ ಸರಿ ಉಂಟು. ಬಾಗಿಲು ಹಾಕಿದ ಕೂಡ್ಲೆ ಆಫ್ ಆಗೋದಿಲ್ಲ, ಸ್ವಲ್ಪ ಹೊತ್ತು ಉರಿದು ಮತ್ತೆ ಆಫ್ ಆಗ್ತದೆ. ಇದು ಫಾಲ್ಟಾ?

ಅಲ್ಲ. ಅದು ಟೈಮರ್. ನೀವು ಕತ್ತಲಲ್ಲಿ ಕೀ ಹಾಕ್ಲಿಕ್ಕೆ ಒದ್ದಾಡಬಾರ್ದು ಅಂತ ಕಂಪೆನಿಯವರೇ ಇಟ್ಟದ್ದು, 10ರಿಂದ 30 ಸೆಕೆಂಡ್ ಉರಿದು ನಿಧಾನಕ್ಕೆ ಮಂದ ಆಗಿ ಆಫ್ ಆಗ್ತದೆ. ಕೀ ಆನ್ ಮಾಡಿದ್ರೆ ಅಥವಾ ರಿಮೋಟಲ್ಲಿ ಲಾಕ್ ಮಾಡಿದ್ರೆ ತಕ್ಷಣ ಆಫ್ ಆಯ್ತಾ, ಹಾಗಾದ್ರೆ ಎಲ್ಲ ಸರಿ ಉಂಟು. ಒಂದೆರಡು ನಿಮಿಷ ಕಾದ್ರೂ ಉರೀತಿದ್ರೆ ಮುಂದೆ ಓದಿ.

ಕಾಯ್ದು ನೋಡಿದೆ, ಆಫ್ ಆಗೋದಿಲ್ಲ. ಹಾಗಾದ್ರೆ ಕಾರಣ ಎಂತದ್ದು?

ಯಾವುದೋ ಒಂದು ಬಾಗಿಲು ಇನ್ನೂ ತೆರೆದಿದೆ ಅಂತ ಕಾರು ಅಂದ್ಕೊಂಡಿದೆ. ಹೆಚ್ಚಿನ ಸಲ ಇಷ್ಟೇ. ಡ್ರೈವರ್ ಎದುರಿನ ಮೀಟರಲ್ಲಿ ಬಾಗಿಲು ತೆರೆದ ಕಾರಿನ ಸಣ್ಣ ಚಿತ್ರ ಬರ್ತದಲ್ಲ, ಅದು ಉರೀತಿದ್ಯಾ ನೋಡಿ. ಕೆಲವು ಕಾರಲ್ಲಿ ಯಾವ ಬಾಗಿಲು ಅಂತ ಅದೇ ತೋರಿಸ್ತದೆ, ಕೆಲವದ್ರಲ್ಲಿ ಎಲ್ಲದಕ್ಕೂ ಒಂದೇ ಚಿತ್ರ.

ಡಿಕ್ಕಿಯೂ ಒಂದು ಬಾಗಿಲೇ, ಅದು ಸುಮಾರು ಜನರಿಗೆ ನೆನಪೇ ಬರೋದಿಲ್ಲ. ನಾಲ್ಕು ಬಾಗಿಲು ಐದೈದು ಸಲ ಬಡಿದು ಬಡಿದು ಕೊನೆಗೆ ನೋಡಿದ್ರೆ ಡಿಕ್ಕಿಯಲ್ಲಿ ಇಟ್ಟ ಗೋಣಿಯ ಮೂಲೆ ಲಾಕಿಗೆ ಸಿಕ್ಕಿ ಅದು ಅರ್ಧ ಮಾತ್ರ ಕೂತಿರ್ತದೆ. ಇದೇ ಥರ ಸೀಟ್ ಬೆಲ್ಟಿನ ತುದಿ, ಮುಂಡಿನ ಅಂಚು, ಸೀರೆಯ ಸೆರಗು, ಎದ್ದು ಬಂದ ಬೀಡಿಂಗ್ ರಬ್ಬರ್, ಇವೆಲ್ಲ ಬಾಗಿಲ ಸಂದಿಗೆ ಸಿಕ್ಕಿ ಲಾಕ್ ಪೂರ್ತಿ ಕೂರೋದಿಲ್ಲ. ಕಾರಿನ ಲಾಕಿಗೆ ಎರಡು ಮೆಟ್ಟಿಲು, ಮೊದಲನೇ ಟಕ್ಕಿಗೆ ಬಾಗಿಲು ಹಾಕಿದ ಹಾಗೆ ಕಾಣ್ತದೆ ಆದ್ರೆ ಕೂತಿರೋದಿಲ್ಲ, ಎರಡನೇ ಟಕ್ ಆದ್ರೆ ಮಾತ್ರ ಪೂರ್ತಿ. ಹೊರಗಿಂದ ಅಂಗೈಯಲ್ಲಿ ಒಮ್ಮೆ ಒತ್ತಿ, ಅಲುಗಾಡ್ತದಾ ನೋಡಿ.

ಓಡಿಸ್ತಿರುವಾಗ ಹೊಂಡಕ್ಕೆ ಬಿದ್ದಾಗ ಮಾತ್ರ ಲೈಟ್ ಪಕ್ಕ ಪಕ್ಕ ಅಂತದೆ, ಮತ್ತೆ ಸರಿ. ಬಿಟ್ರೆ ಆಗ್ತದಾ?

ಬಿಡಬೇಡಿ. ಇದೊಂದನ್ನು ಉದಾಸೀನ ಮಾಡ್ಲೇಬೇಡಿ. ತಲಪಾಡಿಯಿಂದ ಕಾಸರಗೋಡಿನವರೆಗೆ ಹೈವೇ 66ರ ಕೆಲಸ ಆಗ್ತಿರುವಾಗ ಸರ್ವಿಸ್ ರೋಡಲ್ಲಿ ಹೋದವರಿಗೆ ಹೊಂಡ ಅಂದ್ರೆ ಎಂತ ಅಂತ ನಾನು ಹೇಳ್ಬೇಕಾಗಿಲ್ಲ, ಆ ಕುಲುಕಾಟಕ್ಕೆ ಲೈಟ್ ಮಿನುಗ್ತದೆ ಅಂದ್ರೆ ಬಾಗಿಲು ಚೌಕಟ್ಟಿನಲ್ಲಿ ಅಲುಗಾಡ್ತಾ ಉಂಟು ಅಂತ ಅರ್ಥ. ಲಾಕ್ ಮೊದಲನೇ ಟಕ್ಕಲ್ಲೇ ನಿಂತಿರ್ಬೋದು, ಚೌಕಟ್ಟಿನ ಕಂಬದಲ್ಲಿ ಲಾಕ್ ಹಿಡಿಯುವ ಕೊಕ್ಕೆಯ ಸ್ಕ್ರೂ ಸಡಿಲ ಆಗಿರ್ಬೋದು, ಹಿಂಜ್ ಸವೆದು ಬಾಗಿಲು ಕೆಳಗೆ ಜೋತು ಬಿದ್ದಿರ್ಬೋದು. ಆ ಬಾಗಿಲಿಗೆ ಒರಗಿ ಮಗು ಕೂತಿದ್ರೆ? ಕಾರು ಬದಿಗೆ ನಿಲ್ಲಿಸಿ ಬಾಗಿಲನ್ನು ಒಮ್ಮೆ ತೆರೆದು ಸರಿಯಾಗಿ ಮುಚ್ಚಿ, ಮತ್ತೂ ಮಿನುಗಿದ್ರೆ ಅದೇ ದಿನ ತೋರಿಸಿ.

ಯಾವ ಬಾಗಿಲಿನ ಸ್ವಿಚ್ ಹಾಳಾದದ್ದು ಅಂತ ಮನೇಲೇ ಗೊತ್ತು ಮಾಡ್ಬೋದಾ?

ಮಾಡ್ಬೋದು. ಬಾಗಿಲು ಮುಚ್ಚಿತಾ ಅಂತ ಕಾರಿಗೆ ಹೇಳುವ ಈ ಸ್ವಿಚ್ ಎಲ್ಲುಂಟು ಅನ್ನೋದರ ಮೇಲೆ ಕೆಲಸ ಬೇರೆ.

ಹಳೇ ಕಾರುಗಳಲ್ಲಿ, ಮಾರುತಿ 800, ಓಮ್ನಿ ಥರದ್ದು, ಬಾಗಿಲ ಕಂಬದಲ್ಲಿ ಒಂದು ಸಣ್ಣ ಪಿನ್ ಹೊರಗೆ ಬಂದಿರ್ತದೆ, ಹೆಚ್ಚಾಗಿ ಅದಕ್ಕೆ ಕಪ್ಪು ರಬ್ಬರ್ ಟೊಪ್ಪಿ. ಬಾಗಿಲು ಹಾಕಿದ್ರೆ ಪಿನ್ ಒಳಗೆ ಹೋಗ್ತದೆ, ಲೈಟ್ ಆಫ್. ಬಾಗಿಲು ತೆರೆದು ಒಂದೊಂದೇ ಪಿನ್ನನ್ನು ಬೆರಳಲ್ಲಿ ಒತ್ತಿ ನೋಡಿ. ಒತ್ತಿ ಬಿಟ್ಟಾಗ ಅದು ಪುಟಿದು ಹೊರಗೆ ಬರ್ಬೇಕು. ಮರಳು ಉಜ್ಜಿದ ಹಾಗೆ ಗರಗರ ಅಂದ್ರೆ, ಅರ್ಧಕ್ಕೆ ನಿಂತ್ರೆ, ಅದೇ ಕಳ್ಳ. ಇನ್ನೊಂದು ಉಂಟು: ಬೆರಳಲ್ಲಿ ಗಟ್ಟಿಯಾಗಿ ಒತ್ತಿದ್ರೆ ಲೈಟ್ ಹೋಗ್ತದೆ ಆದ್ರೆ ಬಾಗಿಲು ಹಾಕಿದ್ರೆ ಹೋಗೋದಿಲ್ಲ ಅಂತಾದ್ರೆ ಸ್ವಿಚ್ ಒಳ್ಳೇದುಂಟು, ಬಾಗಿಲು ಅದನ್ನು ಸಾಕಷ್ಟು ಒತ್ತುವುದಿಲ್ಲ. ಪಿನ್ ತಾಗುವ ಜಾಗದಲ್ಲಿ ಬಾಗಿಲಿಗೆ ಒಂದು ತುಂಡು ದಪ್ಪ ರಬ್ಬರ್ ಅಂಟಿಸಿದ್ರೆ ಸರಿಯಾಗ್ತದೆ. ನಮ್ಮ ಹಳೇ ಕಾರಿಗೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿ ಎಷ್ಟೋ ಮಳೆಗಾಲ ಆಯ್ತು, ಇವತ್ತಿಗೂ ಉಂಟು.

ಪಿನ್ ಬಿಚ್ಚುವುದಾದ್ರೆ ಒಂದೇ ಸ್ಕ್ರೂ. ಆದ್ರೆ ಹಿಂದಿನ ವೈರನ್ನು ಬಿಟ್ಟುಬಿಟ್ರೋ ಅದು ಕಂಬದ ಒಳಗೆ ಜಾರಿ ಹೋಗ್ತದೆ, ಮತ್ತೆ ಕೊಕ್ಕೆ ಹಾಕಿ ಮೀನು ಹಿಡಿದ ಹಾಗೆ ಹಿಡೀಬೇಕು, ಅರ್ಧ ದಿನ ಹೋಗ್ತದೆ. ಎಳೆದ ಕೂಡ್ಲೆ ವೈರಿಗೆ ಟೇಪ್ ಸುತ್ತಿ ಹೊರಗೆ ಅಂಟಿಸಿ. ವೈರಿನ ತುದಿ ಬಾಡಿಗೆ ತಾಗಬಾರ್ದು, ಯಾಕಂದ್ರೆ ಈ ಕಾರುಗಳಲ್ಲಿ ಬಲ್ಬಿಗೆ ಪ್ಲಸ್ ಯಾವಾಗ್ಲೂ ಇರ್ತದೆ, ಬಾಗಿಲ ಸ್ವಿಚ್ ಕೊಡೋದು ಅರ್ತ್, ಅಂದ್ರೆ ಬಾಡಿಯ ಮೂಲಕ ಮೈನಸ್ ಮಾತ್ರ, ಬಾಡಿಗೆ ತಾಗಿದ್ರೆ ಲೈಟ್ ಉರಿದೇ ಉರೀತದೆ. ಈಗ ವೈರ್ ಗಾಳಿಯಲ್ಲಿ ಇರುವಾಗ ಲೈಟ್ ಆಫ್ ಆಯ್ತಾ? ಸ್ವಿಚ್ ಬದಲಿಸಿ, ದೊಡ್ಡ ಖರ್ಚೇನಲ್ಲ. ಎಲ್ಲಾ ಪಿನ್ ಬಿಚ್ಚಿದ್ರೂ ಉರೀತಾ ಉಂಟಾ? ಹಾಗಾದ್ರೆ ವೈರ್ ಎಲ್ಲೋ ಸಿಪ್ಪೆ ಹೋಗಿ ಬಾಡಿಗೆ ತಾಗಿದೆ.

ನನ್ನ ಕಾರಲ್ಲಿ ಪಿನ್ನೇ ಇಲ್ಲ. ಆಗ?

ಹೊಸ ಕಾರುಗಳಲ್ಲಿ ಸ್ವಿಚ್ ಬಾಗಿಲ ಲಾಕಿನ ಒಳಗೇ ಇರ್ತದೆ, ಹೊರಗೆ ಕಾಣೋದಿಲ್ಲ. ಬಾಗಿಲ ಅಂಚಲ್ಲಿ ಕೊಕ್ಕೆ ಹಿಡಿಯುವ ಬಾಯಿ ಉಂಟಲ್ಲ, ಅದರ ಹಿಂದೆ. ಬಾಗಿಲು ತೆರೆದಿಟ್ಟುಕೊಂಡು ಆ ಬಾಯಿಯ ನಾಲಿಗೆಯನ್ನು ಸ್ಕ್ರೂಡ್ರೈವರ್ ಹಿಡಿಯಲ್ಲಿ ಎರಡು ಟಕ್ ಆಗುವವರೆಗೆ ಒತ್ತಿ, ಕಾರಿಗೆ ಬಾಗಿಲು ಹಾಕಿದ ಹಾಗೇ ಆಗ್ತದೆ. ಮೀಟರಿನ ಚಿತ್ರ ಹೋಯ್ತಾ ನೋಡಿ, ಒಂದೊಂದೇ ಬಾಗಿಲು ಹೀಗೆ ಮಾಡಿದ್ರೆ ಯಾವುದರಲ್ಲಿ ತಕರಾರು ಅಂತ ಸಿಗ್ತದೆ. ಬಾಗಿಲು ಹಾಕುವ ಮೊದಲು ಹ್ಯಾಂಡಲ್ ಎಳೆದು ನಾಲಿಗೆಯನ್ನು ಬಿಡಿಸಲೇಬೇಕು. ಮರೆತು ಬಾಗಿಲು ಬಡಿದ್ರೆ ಲಾಕೂ ಹೋಯ್ತು, ಕೊಕ್ಕೆಯೂ ಹೋಯ್ತು. ಭಾವನಿಗೆ ನಾನೇ ಫೋನಲ್ಲಿ ಇದೆಲ್ಲ ಹೇಳಿಕೊಟ್ಟೆ, ಈ ಒಂದು ಮಾತು ಹೇಳ್ಲಿಕ್ಕೆ ಮರೆತೆ, ಈಗಲೂ ಮದುವೆ ಮುಂಜಿಯಲ್ಲಿ ಸಿಕ್ಕಿದಾಗೆಲ್ಲ ಅದನ್ನೇ ಎತ್ತಿ ಆಡ್ತಾನೆ.

ಲಾಕಿನ ಒಳಗಿನ ಸ್ವಿಚ್ ಹೆಚ್ಚಾಗಿ ಹಾಳಾಗಿರೋದಿಲ್ಲ, ಧೂಳು ಮತ್ತು ಒಣಗಿದ ಗ್ರೀಸ್ ಸೇರಿ ನಾಲಿಗೆ ಪೂರ್ತಿ ತಿರುಗೋದಿಲ್ಲ ಅಷ್ಟೆ. ಡಬ್ಲ್ಯುಡಿ 40 ಥರದ ಸ್ಪ್ರೇ ಹೊಡೆದು, ಹತ್ತು ಇಪ್ಪತ್ತು ಸಲ ಟಕ್ ಟಕ್ ಮಾಡಿ ಹ್ಯಾಂಡಲ್ ಎಳೆದು, ಬಂದ ಕಪ್ಪು ನೀರನ್ನು ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಸ್ವಲ್ಪ ಬಿಳಿ ಗ್ರೀಸ್. ಸ್ಪ್ರೇ ಮಾತ್ರ ಹೊಡೆದು ಬಿಟ್ರೆ ಅದು ಸ್ವಲ್ಪ ದಿನದಲ್ಲೇ ಹಾರಿ ಹೋಗಿ ಮತ್ತೆ ಮೊದಲಿನ ಕಥೆ.

ಸ್ಪ್ರೇ ಇಲ್ಲ, ತೆಂಗಿನೆಣ್ಣೆ ಹಾಕ್ಬೋದಾ?

ಈ ಪ್ರಶ್ನೆ ನಮ್ಮೂರಲ್ಲಿ ಬಾರದೇ ಇರ್ತದಾ! ಬೇಡ. ಹಾಕಿದ ದಿವಸ ಬೆಣ್ಣೆಯ ಹಾಗೆ ಜಾರ್ತದೆ, ಆಮೇಲೆ ಧೂಳು ಹಿಡಿದು ಅಂಟು ಆಗ್ತದೆ, ಡಿಸೆಂಬರ್ ಜನವರಿಯ ಬೆಳಗಿನ ಚಳಿಗೆ ಬಾಟ್ಲಿಯಲ್ಲಿ ಗಟ್ಟಿಯಾಗುವ ಎಣ್ಣೆ ಲಾಕಿನಲ್ಲಿ ಆಗದೇ ಇರ್ತದಾ? ಮತ್ತೆ ಇರುವೆ ಬೇರೆ ಬರ್ತದೆ.

ಮಳೆಗಾಲದಲ್ಲೇ ಯಾಕೆ ಇದು ಜಾಸ್ತಿ?

ನೀರು, ತುಕ್ಕು, ಇಲಿ, ಮೂರೂ ಒಟ್ಟಿಗೆ ಬರುವ ಕಾಲ ಅದು. ಮಂಜೇಶ್ವರ, ಉಪ್ಪಳ, ಕುಂಬಳೆ, ಬೇಕಲ ಕಡೆ ಸಮುದ್ರದ ಬದಿಯವರಿಗೆ ಉಪ್ಪುಗಾಳಿಯ ತುಕ್ಕು ವರ್ಷವಿಡೀ ಇದ್ದದ್ದೇ, ಪಿನ್ನಿನ ರಬ್ಬರ್ ಟೊಪ್ಪಿ ಹರಿದ್ರೆ ಒಂದು ಮಳೆಗಾಲ ಸಾಕು. ಪೆರ್ಲ, ಮುಳ್ಳೇರಿಯ, ಅಡೂರು ಕಡೆ ಗುಡ್ಡೆಯವರಿಗೆ ಬೇರೆ ಸಮಸ್ಯೆ, ಕಾರು ಹಲಸಿನ ಮರದಡಿ, ಮಾವಿನ ಮರದಡಿ. ವೈಪರಿನ ಕೆಳಗಿನ ಜಾಲರಿಯಲ್ಲಿ ತರಗೆಲೆ ತುಂಬಿ ನೀರು ಹೋಗುವ ತೂತು ಕಟ್ಟಿ, ಆ ನೀರು ಡ್ಯಾಶ್‌ಬೋರ್ಡಿನ ಹಿಂದೆ ಇಳೀತದೆ, ಅಲ್ಲೇ ಫ್ಯೂಸ್ ಬಾಕ್ಸ್, ಅಲ್ಲೇ ಬಿಸಿಎಮ್, ಅಂದ್ರೆ ಲೈಟು ಲಾಕು ವೈಪರ್ ಎಲ್ಲ ನೋಡಿಕೊಳ್ಳುವ ಕಂಪ್ಯೂಟರ್ ಡಬ್ಬ. ಕಾಲಡಿಯ ಕಾರ್ಪೆಟ್ ಒದ್ದೆ ಉಂಟು, ಲೈಟೂ ತನ್ನಷ್ಟಕ್ಕೆ ಆನ್ ಆಗ್ತದೆ, ಸೆಂಟ್ರಲ್ ಲಾಕೂ ನಡುರಾತ್ರಿ ಟಕ್ ಅಂತದೆ ಅಂತಾದ್ರೆ ಭೂತ ಅಲ್ಲ, ಇದೇ. ಬ್ಯಾಟ್ರಿಯ ಮೈನಸ್ ಬಿಚ್ಚಿಟ್ಟು ಒಣಗಿಸ್ಲಿಕ್ಕೆ ಕೊಡಿ, ನೀವೇ ಕೈ ಹಾಕ್ಬೇಡಿ.

ಬಾಗಿಲ ಅಡಿಯಲ್ಲೂ ಸಣ್ಣ ಸಣ್ಣ ತೂತು ಇರ್ತದೆ. ಗಾಜಿನ ಸಂದಿಯಿಂದ ಇಳಿದ ನೀರು ಅಲ್ಲಿಂದ ಹೊರಗೆ ಹೋಗ್ಬೇಕು. ಕೆಸರು ಕಟ್ಟಿದ್ರೆ ಬಾಗಿಲು ಹಾಕುವಾಗ ಒಳಗೆ ಕೊಡಪಾನದ ಹಾಗೆ ಕುಳುಕುಳು ಕೇಳ್ತದೆ. ತೆಂಗಿನ ಗರಿಯ ಕಡ್ಡಿ ಹಾಕಿ ತೂತು ಬಿಡಿಸಿ, ಎಷ್ಟು ನೀರು ಬರ್ತದೆ ನೋಡಿ ಆಶ್ಚರ್ಯ ಆಗ್ತದೆ.

ಇಲಿಯ ವಿಷಯ ಚುಟುಕಾಗಿ: ಅಡಿಕೆ, ಭತ್ತ, ಕೊಬ್ಬರಿ ಇಟ್ಟ ಕೊಟ್ಟಿಗೆಯಲ್ಲಿ ಕಾರು ನಿಲ್ಲಿಸಿದ್ರೆ ವೈರ್ ಕಡಿದೇ ಕಡೀತದೆ. ಸೀಟಿನಡಿ, ಮ್ಯಾಟಿನಡಿ ಕಪ್ಪು ಹಿಕ್ಕೆ ಕಂಡ್ರೆ ಲಾಕಿಗೆ ಸ್ಪ್ರೇ ಹೊಡೀತಾ ಕೂರಬೇಡಿ, ವೈರ್ ನೋಡಿ. ಹೊಗೆಸೊಪ್ಪು, ಕರ್ಪೂರದ ಗುಳಿಗೆ ಎಲ್ಲ ನಾನೂ ಇಟ್ಟು ನೋಡಿದ್ದೇನೆ, ನಮ್ಮ ಇಲಿಗಳಿಗೆ ಎಂತದೂ ಆಗಿಲ್ಲ.

ಇಷ್ಟೆಲ್ಲ ಯಾಕೆ? ಬಲ್ಬನ್ನೇ ತೆಗೆದುಬಿಟ್ರೆ ಆಯ್ತಲ್ಲ?

ಇದೇ ನನ್ನ ದೊಡ್ಡ ತಕರಾರು. ವರ್ಕ್‌ಶಾಪಿನವರೂ ಹೀಗೇ ಮಾಡಿ ಕಳಿಸುವುದುಂಟು, ನಂಗೂ ಒಬ್ರು ಮಾಡಿದ್ರು, ಬಲ್ಬ್ ತೆಗೆದು ಕೈಗೆ ಕೊಟ್ಟು "ಇನ್ನು ಉರಿಯೋದಿಲ್ಲ" ಅಂದ್ರು, ಸರಿ ಅಂತ ಖುಷಿಯಲ್ಲಿ ಬಂದೆ, ನಾಲ್ಕು ದಿನ ಬಿಟ್ಟು ಕೀ ತಿರುಗಿಸಿದ್ರೆ ಕಾರು ಟಿಕ್ ಟಿಕ್ ಅಂತದೆ, ಬ್ಯಾಟ್ರಿ ಡೌನ್. ಯಾಕಂದ್ರೆ ಲೈಟ್ ಬರೀ ಸುದ್ದಿ ಹೇಳುವವ. ಬಲ್ಬ್ ತೆಗೆದ್ರೂ ಬಾಗಿಲು ತೆರೆದೇ ಇದೆ ಅಂತ ಕಾರು ತಿಳ್ಕೊಂಡಿರ್ತದೆ, ಹೊಸ ಕಾರಾದ್ರೆ ಒಳಗಿನ ಕಂಪ್ಯೂಟರ್ ನಿದ್ದೆಗೆ ಹೋಗೋದೇ ಇಲ್ಲ, ಕೆಲವು ಕಾರಲ್ಲಿ ರಿಮೋಟಲ್ಲಿ ಲಾಕೂ ಆಗೋದಿಲ್ಲ, ಅಲಾರಂ ಕೂತ್ಕೊಳ್ಳೋದಿಲ್ಲ. ಒಂದು ರಾತ್ರಿಯ ಮಟ್ಟಿಗೆ ಬಲ್ಬ್ ತೆಗೀರಿ, ಬೇಡ ಅನ್ನೋದಿಲ್ಲ. ಉರಿದ ಬಲ್ಬ್ ಕೈ ಸುಡ್ತದೆ, ತಣಿಯಲಿಕ್ಕೆ ಬಿಟ್ಟು ತೆಗೀರಿ.

ಫ್ಯೂಸ್ ತೆಗೆದ್ರೆ?

ತೆಗೀಬೋದು, ಆದ್ರೆ ಅದೇ ಫ್ಯೂಸಲ್ಲಿ ಸ್ಟೀರಿಯೋದ ಮೆಮೊರಿ, ಗಡಿಯಾರ, ಕೆಲವು ಕಾರಲ್ಲಿ ಸೆಂಟ್ರಲ್ ಲಾಕೂ ಇರ್ತದೆ, ಒಂದನ್ನು ನಿಲ್ಲಿಸ್ಲಿಕ್ಕೆ ಹೋಗಿ ನಾಲ್ಕು ನಿಂತದೆ. ವಾಪಸ್ ಹಾಕುವಾಗ ಅದೇ ಬಣ್ಣದ್ದೇ ಹಾಕಿ, ಕೆಂಪು 10 ಆಂಪಿಯರ್, ನೀಲಿ 15, ಹಳದಿ 20. ಬೀಡಿ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಹಾಕುವ ಬುದ್ಧಿವಂತರು ಇನ್ನೂ ಇದ್ದಾರೆ, ಕಾರಿಗೆ ಬೆಂಕಿ ಹಿಡಿಯೋದು ಹಾಗೇ.

ರಾತ್ರಿ ಇಡೀ ಲೈಟ್ ಉರಿದ್ರೆ ಬೆಳಿಗ್ಗೆ ಕಾರು ಸ್ಟಾರ್ಟ್ ಆಗ್ತದಾ?

ಲೆಕ್ಕ ಹಾಕುವ. ಹಳೇ ಥರದ ಬಲ್ಬ್ ಒಂದು 10 ವ್ಯಾಟ್ ಅಂತ ಇಟ್ಕೊಳ್ಳಿ, 12 ವೋಲ್ಟಿಗೆ ಅದು ಸುಮಾರು 0.8 ಆಂಪಿಯರ್ ಎಳೀತದೆ. ರಾತ್ರಿ 9ಕ್ಕೆ ಯಕ್ಷಗಾನ ಆಟ ನೋಡ್ಲಿಕ್ಕೆ ಹೋಗಿ ಗದ್ದೆ ಬದಿಯಲ್ಲಿ ಕಾರು ಬಿಟ್ರಿ, ಮಂಗಳ ಹಾಡಿ ಎದ್ದು ಬರುವಾಗ ಬೆಳಿಗ್ಗೆ 6, ಒಂಬತ್ತು ಗಂಟೆಗೆ ಏಳೂವರೆ ಆಂಪಿಯರ್ ಅವರ್ ಹೋಯ್ತು. ಸಣ್ಣ ಪೆಟ್ರೋಲ್ ಕಾರಿನ ಬ್ಯಾಟ್ರಿ 35 ಆಂಪಿಯರ್ ಅವರ್ ಅಂತಾದ್ರೆ ಐದರಲ್ಲಿ ಒಂದು ಪಾಲು. ಬ್ಯಾಟ್ರಿ ಒಳ್ಳೇದಿದ್ರೆ ಸ್ಟಾರ್ಟ್ ಆಗ್ತದೆ. ನಾಲ್ಕೈದು ವರ್ಷದ ಹಳತಾದ್ರೆ, ಜೊತೆಗೆ ಡಿಕ್ಕಿಯ ಲೈಟು ಇನ್ನೊಂದು ರೂಫ್ ಲೈಟೂ ಉರೀತಿದ್ರೆ, ಆಟ ನೋಡಿದ ಗೆಳೆಯರನ್ನೇ ತಳ್ಳಲಿಕ್ಕೆ ಕರೀಬೇಕು. ಕುಂಬಳೆ ಸ್ಟೇಷನಲ್ಲಿ ಕಾರು ಬಿಟ್ಟು ರೈಲಲ್ಲಿ ಬೆಂಗಳೂರಿಗೆ ಹೋಗಿ ಎರಡು ದಿವಸ ಬಿಟ್ಟು ಬಂದ್ರೆ ಮಾತ್ರ ಇಂಥ ಸಣ್ಣ ಬ್ಯಾಟ್ರಿ ಉಳಿಯೋದಿಲ್ಲ. ಎಲ್‌ಇಡಿ ಆದ್ರೆ ಒಂದೆರಡು ವ್ಯಾಟಲ್ಲೇ ಮುಗೀತದೆ, ಅಷ್ಟು ಹೆದರಬೇಕಾಗಿಲ್ಲ.

ಮಲ್ಟಿಮೀಟರ್ ಇದ್ರೆ, ಕಾರು ಆಫ್ ಮಾಡಿ ಕೆಲವು ಗಂಟೆ ಬಿಟ್ಟು ಬ್ಯಾಟ್ರಿ ನೋಡಿ: 12.6 ವೋಲ್ಟ್ ಅಂದ್ರೆ ತುಂಬಿದೆ, 12.2 ಅಂದ್ರೆ ಸುಮಾರು ಅರ್ಧ, 12ಕ್ಕಿಂತ ಕೆಳಗೆ ಅಂದ್ರೆ ಚಾರ್ಜಿಗೆ ಹಾಕಿ.

ಬ್ಯಾಟ್ರಿ ಪೂರ್ತಿ ಡೌನ್, ರಿಮೋಟೂ ಕೆಲಸ ಮಾಡೋದಿಲ್ಲ. ಈಗ?

ರಿಮೋಟಿನ ಒಳಗೇ ಕಬ್ಬಿಣದ ಕೀ ಅಡಗಿರ್ತದೆ, ಡ್ರೈವರ್ ಬಾಗಿಲಿಗೆ ಹಾಕಿ ತೆಗೀರಿ. ಗೇರಿನ ಕಾರಾದ್ರೆ, ಬ್ಯಾಟ್ರಿಯಲ್ಲಿ ಇನ್ನೂ ಚೂರು ಜೀವ ಇದ್ರೆ, ಸೆಕೆಂಡ್ ಗೇರಲ್ಲಿ ತಳ್ಳಿ ಸ್ಟಾರ್ಟ್ ಮಾಡ್ಬೋದು, ನಮ್ಮಲ್ಲಿ ಇಳಿಜಾರಿಗೆ ಬರ ಇಲ್ಲ, ಆದ್ರೆ ಎಂಜಿನ್ ಆಫ್ ಇರುವಾಗ ಬ್ರೇಕೂ ಸ್ಟೀರಿಂಗೂ ಬಿಗಿ ಇರ್ತದೆ, ತೋಡಿನ ಬದಿಯ ರಸ್ತೆಯಲ್ಲಿ ಬೇಡ. ಆಟೋಮ್ಯಾಟಿಕನ್ನು ತಳ್ಳಿ ಪ್ರಯೋಜನ ಇಲ್ಲ.

ಕೇಬಲ್ ಹಾಕುವುದಾದ್ರೆ ಮೊದಲು ಕೆಂಪನ್ನು ಡೌನ್ ಆದ ಬ್ಯಾಟ್ರಿಯ ಪ್ಲಸ್ಸಿಗೆ, ಅದರ ಇನ್ನೊಂದು ತುದಿ ಒಳ್ಳೇ ಬ್ಯಾಟ್ರಿಯ ಪ್ಲಸ್ಸಿಗೆ, ಮತ್ತೆ ಕಪ್ಪು ಒಳ್ಳೇ ಬ್ಯಾಟ್ರಿಯ ಮೈನಸ್ಸಿಗೆ, ಕೊನೆಯ ಕಪ್ಪು ಡೌನ್ ಆದ ಕಾರಿನ ಎಂಜಿನಿನ ಯಾವುದಾದ್ರೂ ಕಬ್ಬಿಣಕ್ಕೆ, ಬ್ಯಾಟ್ರಿಯಿಂದ ದೂರ. ಬಿಚ್ಚುವಾಗ ಉಲ್ಟಾ. ಸ್ಟಾರ್ಟ್ ಆದ ಮೇಲೆ ಇಲ್ಲೇ ಹತ್ರದ ಸೀತಾಂಗೋಳಿವರೆಗೆ ಹೋಗಿ ಬಂದ್ರೆ ಬ್ಯಾಟ್ರಿ ತುಂಬೋದಿಲ್ಲ, ರಾತ್ರಿ ಇಡೀ ಚಾರ್ಜರಲ್ಲಿ ಇಡ್ಸಿ.

ಎಲ್‌ಇಡಿ ಬಲ್ಬ್ ಹಾಕಿಸಿದ ಮೇಲೆ ಆಫ್ ಮಾಡಿದ್ರೂ ಮಿಣುಕು ಮಿಣುಕಾಗಿ ಉರೀತದೆ.

ಬಾಗಿಲ ಸ್ವಿಚ್ಚಿಗೂ ಇದಕ್ಕೂ ಸಂಬಂಧ ಇಲ್ಲ. ಆಫ್ ಇರುವಾಗಲೂ ಲೈನಲ್ಲಿ ಚೂರು ಕರೆಂಟ್ ಸೋರ್ತಾ ಇರ್ತದೆ, ಹಳೇ ಬಲ್ಬಿನ ತಂತಿ ಬಿಸಿಯಾಗ್ಲಿಕ್ಕೆ ಅದು ಸಾಕಾಗೋದಿಲ್ಲ, ಎಲ್‌ಇಡಿಗೆ ಸಾಕು. ರೆಸಿಸ್ಟರ್ ಇರುವ ಎಲ್‌ಇಡಿ ಕೇಳಿ ಹಾಕಿ, ಇಲ್ಲ ಹಳೇ ಬಲ್ಬನ್ನೇ ಹಾಕಿ.

ಎಲ್ಲ ಬಾಗಿಲೂ ಸರಿ, ಲೈಟೂ ಆಫ್, ಆದ್ರೂ ಬ್ಯಾಟ್ರಿ ಇಳೀತಾ ಉಂಟು.

ಹಾಗಾದ್ರೆ ಕಾಣದ ಲೈಟ್ ಯಾವುದೋ ಉರೀತಿರ್ಬೋದು. ಡಿಕ್ಕಿಯೊಳಗೆ ಮೊಬೈಲನ್ನು ವೀಡಿಯೋ ರೆಕಾರ್ಡಿಗೆ ಇಟ್ಟು ಮುಚ್ಚಿ, ಎರಡು ನಿಮಿಷ ಬಿಟ್ಟು ತೆಗೆದು ನೋಡಿ, ಲೈಟ್ ಹೋಯ್ತಾ ಇಲ್ವಾ ಅಂತ ಅದೇ ಹೇಳ್ತದೆ. ಗ್ಲೋವ್ ಬಾಕ್ಸಿಗೂ ಹೀಗೇ. ಹೊರಗಿನಿಂದ ಹಾಕಿಸಿದ ಸ್ಟೀರಿಯೋ, ಅಲಾರಂ, ಡ್ಯಾಶ್‌ಕ್ಯಾಮ್ ಇದ್ರೆ ಮೊದಲ ಅನುಮಾನ ಅದರ ಮೇಲೆ.

ಅದೂ ಅಲ್ಲ ಅಂದ್ರೆ ಮೀಟರನ್ನು 10 ಆಂಪಿಯರ್ ತೂತಿಗೆ ಹಾಕಿ, ಬ್ಯಾಟ್ರಿಯ ಮೈನಸ್ ಬಿಚ್ಚಿ ನಡುವೆ ಸೇರಿಸಿ, ಕೀ ತೆಗೆದಿಟ್ಟು ಅರ್ಧ ಗಂಟೆ ಕಾಯಿರಿ. ಸಾಧಾರಣ 50 ಮಿಲಿ ಆಂಪಿಯರಿನ ಒಳಗೆ ಇರ್ಬೇಕು. ಜಾಸ್ತಿ ಇದ್ರೆ ಒಂದೊಂದೇ ಫ್ಯೂಸ್ ಎಳೀತಾ ಹೋಗಿ, ಯಾವುದು ಎಳೆದಾಗ ಇಳೀತದೋ ಆ ಲೈನಲ್ಲಿ ಉಂಟು ಕಳ್ಳ. ಮೀಟರ್ ಸಿಕ್ಕಿಸಿಕೊಂಡು ಕಾರು ಮಾತ್ರ ಸ್ಟಾರ್ಟ್ ಮಾಡ್ಬೇಡಿ, ಮೀಟರಿನ ಫ್ಯೂಸ್ ಹೋಗ್ತದೆ. ಹಳದಿ ಬಣ್ಣದ ಕನೆಕ್ಟರ್ ಕಂಡ್ರೆ ಮುಟ್ಲೇಬೇಡಿ, ಅದು ಏರ್‌ಬ್ಯಾಗಿಂದು.

ವಾರಂಟಿ ಉಂಟು. ಮಂಗಳೂರಿಗೆ ಒಯ್ಯಬೇಕಾ, ಇಲ್ಲೇ ಆಗ್ತದಾ?

ಕಾಸರಗೋಡಿನ ಕೆಎಲ್ 14 ನಂಬ್ರ ಆದ್ರೂ ಮಂಗಳೂರಿನ ಕೆಎ 19 ಆದ್ರೂ ಕಂಪೆನಿಯ ಯಾವ ಸರ್ವಿಸ್ ಸೆಂಟರಲ್ಲೂ ನೋಡ್ತಾರೆ, ವಾರಂಟಿಗೆ ತಲಪಾಡಿ ಗಡಿ ಇಲ್ಲ. ಹೊರಗೆ ವೈರ್ ಕತ್ತರಿಸಿ ಜಾಯಿಂಟ್ ಹಾಕಿಸಿದ್ರೆ ಮಾತ್ರ ಅವರಿಗೆ ಒಳ್ಳೇ ನೆಪ ಸಿಗ್ತದೆ.

ವರ್ಕ್‌ಶಾಪಲ್ಲಿ ಎಂತ ಹೇಳ್ಬೇಕು?

ನಮ್ಮೂರಲ್ಲಿ ಇದು ದೊಡ್ಡ ಪ್ರಶ್ನೆಯೇ. ಕನ್ನಡದಲ್ಲಿ "ಲೈಟ್ ಕೆಟ್ಟಿದೆ" ಅಂದ್ರೆ ಹಾಳಾಗಿದೆ ಅಂತ, ಮಲಯಾಳದಲ್ಲಿ "ಲೈಟ್ ಕೆಟ್ಟು" ಅಂದ್ರೆ ಆರಿಹೋಯ್ತು ಅಂತ. ನಾನೊಮ್ಮೆ ಕನ್ನಡವನ್ನೇ ಸ್ವಲ್ಪ ಮಲಯಾಳದ ರಾಗದಲ್ಲಿ ಎಳೆದು "ಲೈಟ್ ಕೆಟ್ಟು" ಅಂದೆ, ಹುಡುಗ ಲೈಟ್ ಆರ್ತದೆ ಅಂತ ತಿಳ್ಕೊಂಡು ಹೊಸ ಬಲ್ಬ್ ಹಾಕಿ ಇನ್ನೂ ಜೋರಾಗಿ ಉರಿಯುವ ಹಾಗೆ ಮಾಡಿ ಕೊಟ್ಟ! "ಕೆಡುನ್ನಿಲ್ಲ" ಅನ್ಬೇಕಿತ್ತು, ಅಂದ್ರೆ ಆರೋದಿಲ್ಲ. ತುಳು, ಬ್ಯಾರಿ, ಮಲಯಾಳ, ಕನ್ನಡ ಯಾವುದೂ ಬೇಡ ಅಂದ್ರೆ "ಆಫ್ ಆಗ್ತಿಲ್ಲ, ಡೋರ್ ಸ್ವಿಚ್ ನೋಡಿ" ಸಾಕು. ಮನೇಲಿ ಪತ್ತೆ ಮಾಡಿದ ಬಾಗಿಲಿಗೆ ಒಂದು ತುಂಡು ಟೇಪ್ ಅಂಟಿಸಿ ಕೊಡಿ, ಬಿಲ್ಲಲ್ಲಿ ಉಳಿದ ಮೂರು ಬಾಗಿಲು ಬರೋದಿಲ್ಲ.